ಕಪ್ಪಿನ ಮೂವತ್ತೊಂದನೆಯ ನಡೆಗಾಗಿ ಶಿರೂರಿಗೆ

ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟೂ ಕಾಲಿಗೆ ಕುಂದಾಪುರದ ಬಸ್ಸು ಹತ್ತಿದೆ. ಜನವರಿ ಕೊನೆಯ ವಾರ. ಗಾಳಿಯಲ್ಲಿ ಸ್ವಲ್ಪ ಚಳಿ ಇತ್ತು, ಅಂದರೆ ನಮ್ಮ ಕರಾವಳಿಯವರು ಚಳಿ ಎಂದು ಹೇಳಿಕೊಂಡು ಖುಷಿಪಡುವಷ್ಟು. ಬಟ್ಟೆ ಚೀಲದಲ್ಲಿ ನೀರಿನ ಬಾಟಲಿ, ಬಿ.ಪಿ. ಮಾತ್ರೆ, ಕರ್ಚೀಫು, ಖಾಕಿ ಕಾಗದದ ಬೈಂಡು ಹಾಕಿದ ಒಂದು ಹಳೇ ನೋಟ್ ಪುಸ್ತಕ. ಸೀಟಿನಲ್ಲಿ ಕುಳಿತವಳೇ ಅಭ್ಯಾಸಬಲದಿಂದ ಆಧಾರ್ ಕಾರ್ಡು ಹೊರತೆಗೆದೆ.

ಕಂಡಕ್ಟರ್ ನಕ್ಕ. "ಅಮ್ಮ, ಇದ್ ಸರ್ಕಾರಿ ಬಸ್ಸಲ್ಲ. ಆಧಾರ್ ಒಳ್ಗ್ ಇಟ್ಕಣಿ, ನೋಟ್ ಹೊರ್ಗ್ ತೆಗೀನಿ."

ಹೆಂಗಸರಿಗೆ ಫ್ರೀ ಬಸ್ಸು ಎಂದು ಇಡೀ ರಾಜ್ಯ ಸಂಭ್ರಮಿಸಿದರೂ ನಮ್ಮ ಕಡೆ ಖಾಸಗಿ ಬಸ್ಸುಗಳದೇ ಆಳ್ವಿಕೆ. ಮೂವತ್ತೈದು ರೂಪಾಯಿ ಕೊಟ್ಟೆ. ಸೇತುವೆ ದಾಟಿ, ಸಾಸ್ತಾನದ ಟೋಲ್ ಗೇಟು ದಾಟಿ, ಕೋಟದಲ್ಲಿ ಕಾಲೇಜು ಮಕ್ಕಳು ನುಗ್ಗಿದ ಮೇಲೆ ಬಸ್ಸಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ನಾನು ಚೀಲವನ್ನು ಎದೆಗೆ ಅವಚಿಕೊಂಡೆ.

ನಾನು ಹೋಗುತ್ತಿದ್ದದ್ದು ಶಿರೂರಿಗೆ. ಮನೆಯಿಂದ ಸುಮಾರು ಅರವತ್ತು ಕಿಲೋಮೀಟರು, ಅಷ್ಟೇ. ಆದರೆ ಅಲ್ಲಿಗೆ ಹೋಗಲು ನನಗೆ ಅರವತ್ತೈದು ವರ್ಷ ಬೇಕಾಯಿತು. ಕಾರಣ ಮೊದಲೇ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದವಳಿದ್ದಾಗ ನಾನು ಒಂದು ಕಾಗದದಲ್ಲಿ ಒಂದು ಸಾಲು ಸುಳ್ಳು ಬರೆದಿದ್ದೆ. ಆ ಸಾಲಿನಿಂದ ನನ್ನ ಅಪ್ಪಯ್ಯ ಮತ್ತು ಅವರ ಗೆಳೆಯ, ಶಿರೂರಿನ ಶೀನ ಮಾಮ ಸಾಯುವವರೆಗೆ ಮಾತು ಬಿಟ್ಟರು. ಶೀನ ಮಾಮನ ಮಗಳು ಸರೋಜಕ್ಕನಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಅದರ ಜೊತೆಗೆ ಒಂದು ಕುತೂಹಲ, ನಿಜ ಹೇಳಬೇಕೆಂದರೆ, ಸುಳ್ಳಿನಷ್ಟೇ ಹಳೆಯದು: ಅರ್ಧಕ್ಕೆ ನಿಂತ ಆ ಚೆಸ್ ಆಟ ಹೇಗೆ ಮುಗಿಯಿತು?

ಅಪ್ಪಯ್ಯ ಬ್ರಹ್ಮಾವರದಲ್ಲಿ ಅಕ್ಕಿ ಮಿಲ್ಲಿನ ಗುಮಾಸ್ತರು. ಶೀನ ಮಾಮ ಬೈಂದೂರಿನಲ್ಲಿ ದಸ್ತಾವೇಜು ಬರೆಯುವವರು. ಜಾಗದ ಕ್ರಯಪತ್ರ, ಪಾಲುಪತ್ರ, ಅವುಗಳ ನಕಲು. ಅವರ ನಕಲಿನಲ್ಲಿ ಒಂದು ಚಿತ್ತು ಹುಡುಕಿಕೊಟ್ಟವರಿಗೆ ಸನ್ಮಾನ ಮಾಡಬೇಕು ಎಂದು ಜನ ತಮಾಷೆ ಮಾಡುತ್ತಿದ್ದರಂತೆ. ಇಬ್ಬರಿಗೂ ಚದುರಂಗದ ಹುಚ್ಚು. ಆ ಕಾಲಕ್ಕೆ ಕುಂದಾಪುರದಲ್ಲಿ ಹಡಗಿನ ಕೆಲಸದಿಂದ ರಿಟೈರ್ ಆದ ಒಬ್ಬ ವೃದ್ಧ ಡಾಕ್ಟರಿದ್ದರು. ಅವರ ಹತ್ತಿರ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಮೊದಲ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಒಂದು ಬಿಸಿನೀರಿನ ಬುಗ್ಗೆಯ ಊರಿನಲ್ಲಿ ನಡೆದ ಅಂತರರಾಷ್ಟ್ರೀಯ ಚೆಸ್ ಟೂರ್ನಮೆಂಟಿನ ಎಲ್ಲಾ ಆಟಗಳೂ, ನಡೆಯ ಮೇಲೆ ನಡೆ, ಅದರಲ್ಲಿ ಅಚ್ಚಾಗಿದ್ದವು. ಆಗ ಹಾಗೆಯೇ ಇತ್ತಂತೆ: ಶ್ರೀಮಂತರು ಆರೋಗ್ಯಕ್ಕೆಂದು ಬುಗ್ಗೆಯ ನೀರು ಕುಡಿಯಲು ಬರುವ ಊರುಗಳು ಸೀಸನ್ನಿಗೆ ಕಳೆ ಬರಲೆಂದು ಇಂಥ ಟೂರ್ನಮೆಂಟುಗಳನ್ನು ಇಡುತ್ತಿದ್ದವು. ವಿಯೆನ್ನಾ, ಬರ್ಲಿನ್, ಲಂಡನ್, ಪೀಟರ್ಸ್‌ಬರ್ಗಿನಿಂದ ಆಟಗಾರರು ರೈಲಿನಲ್ಲಿ ಬಂದಿಳಿದು, ವಾರಗಟ್ಟಲೆ ಒಂದೇ ಹಾಲಿನಲ್ಲಿ ಎಲ್ಲರೂ ಎಲ್ಲರೊಡನೆ ಆಡುತ್ತಿದ್ದರು. ಜನ ಹಗ್ಗದ ಆಚೆ ತುದಿಗಾಲಲ್ಲಿ ನಿಂತು ನೋಡುತ್ತಿದ್ದರು.

ಡಾಕ್ಟರು ಆ ಪುಸ್ತಕವನ್ನು ಒಂದು ಮಳೆಗಾಲದ ಮಟ್ಟಿಗೆ ಇಬ್ಬರಿಗೂ ಕೊಟ್ಟರು. ಇವರು ಅದನ್ನು ನಕಲು ಮಾಡಿದ ರೀತಿ ಮಾತ್ರ ಜಗತ್ತಿನಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಅಪ್ಪಯ್ಯ ಬಿಳಿಯ ನಡೆಗಳನ್ನಷ್ಟೇ ಬರೆದುಕೊಂಡರು. ಶೀನ ಮಾಮ ಕಪ್ಪಿನ ನಡೆಗಳನ್ನಷ್ಟೇ. ಯಾರು ಗೆದ್ದರು ಎಂಬುದನ್ನು ಇಬ್ಬರೂ ಬರೆದುಕೊಳ್ಳಲಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಒಂದು ಆಟವನ್ನೂ ನೋಡಲು ಸಾಧ್ಯವಿಲ್ಲದ ಹಾಗೆ! ತಿಂಗಳಿಗೊಂದು ಭಾನುವಾರ, ಇಬ್ಬರ ಊರಿಗೂ ನಡುವೆ ಇದ್ದ ಕುಂದಾಪುರದಲ್ಲಿ, ಒಂದು ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು ಒಂದೊಂದು ಆಟವನ್ನು ಜೋಡಿಸುತ್ತಿದ್ದರು. ನನ್ನ ಚೀಲದಲ್ಲಿ ಇದ್ದದ್ದು ಅಪ್ಪಯ್ಯನ ಬಿಳಿ ಪುಸ್ತಕ.

ಒಂಬತ್ತು ಗಂಟೆಗೆ ಕುಂದಾಪುರದಲ್ಲಿ ಇಳಿದೆ. ಫ್ಲೈಓವರ್ ಬಂದ ಮೇಲೆ ನನಗೆ ಆ ಊರಿನ ದಿಕ್ಕೇ ತಪ್ಪಿದೆ. ಪೇಟೆಯೊಳಗೆ ಎರಡು ಸಲ ಅದೇ ಬೀದಿ ಸುತ್ತಿ ಕೊನೆಗೆ ಹೋಟೆಲಿದ್ದ ಜಾಗ ಗುರುತಿಸಿದ್ದು ಪಕ್ಕದ ಕಟ್ಟಡದ ಎರಡು ಕಲ್ಲಿನ ಮೆಟ್ಟಿಲಿನಿಂದ. ಈಗ ಅಲ್ಲಿ ಮೊಬೈಲ್ ಅಂಗಡಿ. ಒಳಗೆ ಹೋಗಿ ಗೋಡೆಗಳನ್ನು ನೋಡುತ್ತಾ ನಿಂತೆ.

"ಎಂತ ಬೇಕಿತ್ತ್ ಅಮ್ಮ? ಕವರಾ, ಗ್ಲಾಸಾ?" ಅಂಗಡಿಯವನಿಗೆ ನಲವತ್ತು ಇರಬಹುದು.

"ಇಲ್ಲಿ ಮುಂಚೆ ಹೋಟೆಲ್ ಇತ್ತಲ್ಲ?"

"ನಮ್ ಅಜ್ಜಯ್ಯನ ಕಾಲಕ್ಕೆ ಇತ್ತಿತ್ತ್ ಅಂಬ್ರ್. ಮತ್ತ್ ಬೇಕರಿ, ಮತ್ತ್ ಸಿ.ಡಿ. ಅಂಗಡಿ, ಈಗ ನಾವ್."

"ಆ ಮೂಲೆಯಲ್ಲಿ ಒಂದು ಟೇಬಲ್ ಇತ್ತು."

"ಟೇಬಲ್ ಹುಡ್ಕಂಡ್ ಬಂದದ್ದಾ?" ಅವನು ನನ್ನ ಮುಖ ನೋಡಿ, ತಮಾಷೆಯಲ್ಲ ಎಂದು ಗೊತ್ತಾಗಿ, ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ಕಾಲಿನಿಂದ ಸರಿಸಿದ. "ಕಾಣಿ. ಈಗ ಬರೀ ಚಾರ್ಜರ್ ಇತ್ತ್."

ನಾನು ಆ ಖಾಲಿ ಜಾಗವನ್ನು ನೋಡಿದೆ. ಅಪ್ಪಯ್ಯ ಕುಂದಾಪುರದ ಸೆಕೆಯಲ್ಲೂ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಅಲ್ಲಿ ಕೂರುತ್ತಿದ್ದರು; ಕಾರಣ, ಟೂರ್ನಮೆಂಟಿನ ಊರಿನಲ್ಲಿ ಆ ವರ್ಷ ಚಳಿ ಜೋರಿತ್ತೆಂದು ಪುಸ್ತಕದ ಮುನ್ನುಡಿಯಲ್ಲಿ ಇತ್ತಂತೆ. ಅಪ್ಪಯ್ಯ "ಬಿಳಿ, ಹದಿನಾಲ್ಕು" ಎನ್ನುವುದು; ನಡೆ ಏನಿರಬಹುದೆಂದು ಶೀನ ಮಾಮ ಊಹಿಸುವುದು. ಊಹೆ ಸರಿಯಾದರೆ ಎದುರಿನವರ ಪ್ಲೇಟಿನಿಂದ ಒಂದು ಗೋಳಿಬಜೆ. ಮಧ್ಯಾಹ್ನ ಊಟಕ್ಕೆ ಏಳುವಾಗ ಮುಂದಿನ ನಡೆಯನ್ನು ಒಂದು ಚೀಟಿಯಲ್ಲಿ ಬರೆದು ಮಡಚಿ ಗಲ್ಲಾದ ಧಣಿಯ ಕೈಗೆ ಕೊಡುತ್ತಿದ್ದರು, ಏಕೆಂದರೆ ಯುರೋಪಿನಲ್ಲಿ ಆಟವನ್ನು ನಡುವೆ ನಿಲ್ಲಿಸುವಾಗ ಹಾಗೆ ಮಾಡುತ್ತಿದ್ದರು. ಅಚ್ಚಾಗಿ ಮುಗಿದುಹೋದ ಆಟಕ್ಕೆ ಸೀಲ್ ಮಾಡಿದ ಲಕೋಟೆ! ರಜೆಯಲ್ಲಿ ನಾನೂ ಸರೋಜಕ್ಕನೂ ಜೊತೆಗೆ ಹೋದರೆ ಸತ್ತ ಕಾಯಿಗಳೆಲ್ಲ ನಮಗೆ. ಬಿಳಿಯ ಕುದುರೆಗೂ ಕಪ್ಪು ಮಂತ್ರಿಗೂ ಮದುವೆ ಮಾಡಿಸಿ ಬನ್ಸಿನ ಚೂರಿನ ಊಟ ಹಾಕುತ್ತಿದ್ದೆವು.

ಅಂಗಡಿಯವನು ಕುರ್ಚಿ ಕೊಟ್ಟ. ಬೇಡ ಎಂದೆ. ಏನೂ ಕೊಳ್ಳದೆ ಬರಲು ನಾಚಿಕೆಯಾಗಿ ಒಂದು ಚಾರ್ಜರ್ ವೈರು ಕೊಂಡೆ. ಪಕ್ಕದ ಬೀದಿಯ ಹೋಟೆಲಿನಲ್ಲಿ ಬನ್ಸು ತಿಂದು ಕಾಫಿ ಕುಡಿದು ಬೈಂದೂರಿನ ಬಸ್ಸು ಹಿಡಿದೆ.

ಇನ್ನು ಆ ಸುಳ್ಳಿನ ವಿಷಯ. ನಮ್ಮ ಊರಿನ ಹಳೇ ಚದುರಂಗದಲ್ಲಿ ಕಾಲಾಳು ಒಂದು ಸಲಕ್ಕೆ ಒಂದೇ ಮನೆ ಮುಂದೆ ಹೋಗುವುದು. ಯುರೋಪಿನ ಆಟದಲ್ಲಿ ಮೊದಲ ಸಲ ಎರಡು ಮನೆ ಹಾರಬಹುದು. ಅದನ್ನು ಡಾಕ್ಟರು ಇವರಿಗೆ ಹೇಳಿಕೊಟ್ಟಿದ್ದರು. ಆದರೆ ಹಾಗೆ ಹಾರಿ ಎದುರಾಳಿಯ ಕಾಲಾಳಿನ ಪಕ್ಕದಲ್ಲಿ ಬಂದು ನಿಂತರೆ, ಒಂದೇ ಮನೆ ನಡೆದಿತ್ತು ಎಂದು ಲೆಕ್ಕ ಹಿಡಿದು ಅದನ್ನು ಹೊಡೆಯುವ ಹಕ್ಕು ಎದುರಾಳಿಗೆ ಉಂಟು. ಅದೂ ಆ ಕೂಡಲೇ, ಮರು ನಡೆಯಲ್ಲೇ. ಅಪರೂಪಕ್ಕೆ ಬರುವ ಈ ನಿಯಮವನ್ನು ಡಾಕ್ಟರು ಹೇಳಿರಲಿಲ್ಲ. ವರ್ಷಗಟ್ಟಲೆ ಅದು ಬರಲೂ ಇಲ್ಲ. ಬಂದಾಗ ಡಾಕ್ಟರು ತೀರಿಕೊಂಡು, ಪುಸ್ತಕ ಅವರ ಮಕ್ಕಳ ಜೊತೆ ಯಾವುದೋ ಊರು ಸೇರಿತ್ತು.

ಆ ಭಾನುವಾರ ಅಪ್ಪಯ್ಯ ಬಿಳಿಯ ಮೂವತ್ತೊಂದನೆಯ ನಡೆ ಓದಿ ಕಾಲಾಳನ್ನು ಎರಡು ಮನೆ ಮುಂದಿಟ್ಟರು. ಶೀನ ಮಾಮ ಓದಿದರು: ಕಾಲಾಳು ಕಾಲಾಳನ್ನು ಹೊಡೆಯುತ್ತದೆ. ಎಲ್ಲಿ? ಹೊಡೆಯಲು ಹೋದ ಮನೆ ಖಾಲಿ! ಇಬ್ಬರೂ ಬೆವರಿದರು. ಅಪ್ಪಯ್ಯ ಮಂಗಳೂರಿನಲ್ಲಿ ಬೋರ್ಡಿಂಗಿನಲ್ಲಿದ್ದ ನನಗೆ ಕಾಗದ ಬರೆದರು. ನಿಮ್ಮ ಕಾನ್ವೆಂಟಿನಲ್ಲಿ ಯುರೋಪಿನ ಸಿಸ್ಟರ್ ಒಬ್ಬರಿದ್ದಾರಲ್ಲ, ಹೀಗೆ ಹೊಡೆಯುವ ಕ್ರಮ ಉಂಟೋ ಎಂದು ಕೇಳಿ ತಿಳಿಸು.

ಸಿಸ್ಟರ್ ಚೆಸ್ ಬಲ್ಲವರೇ. ಆದರೆ ಆ ವಾರ ನಾನು ಸ್ಟಡಿ ಹಾಲಿನಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದು ಅವರ ಕೈಯಲ್ಲೇ ಪನಿಶ್‌ಮೆಂಟ್ ತಿನ್ನುತ್ತಿದ್ದೆ. ಅವರ ಎದುರು ಹೋಗಿ ಕಾಲಾಳಿನ ವಿಷಯ ಎತ್ತಲು ಧೈರ್ಯ ಬರಲಿಲ್ಲ. ಕೇಳಲಿಲ್ಲ ಎಂದು ಬರೆಯಲು ಮಾನ ಬಿಡಲಿಲ್ಲ. ಚಂದದ ಇಂಗ್ಲಿಷಿನಲ್ಲಿ ಬರೆದೆ: ಅಂಥ ನಡೆಯೇ ಇಲ್ಲ ಎನ್ನುತ್ತಾರೆ ಸಿಸ್ಟರ್. ಬೋರ್ಡಿಂಗಿನ ಕಾಗದಗಳನ್ನು ಅವರು ಓದುತ್ತಾರೆಂದು ಒಬ್ಬ ಡೇ ಸ್ಕಾಲರ್ ಹುಡುಗಿಯ ಕೈಯಲ್ಲಿ ಕದ್ದು ಪೋಸ್ಟ್ ಮಾಡಿಸಿದೆ.

ಅಪ್ಪಯ್ಯ ಅದನ್ನು ಮುಂದಿನ ತಿಂಗಳು ಕುಂದಾಪುರಕ್ಕೆ ತೆಗೆದುಕೊಂಡು ಹೋದರು. ಬೇಸಿಗೆ ರಜೆಯಲ್ಲಿ ನಾನು ಮನೆಗೆ ಬಂದಾಗ ಭಾನುವಾರದ ಪ್ರಯಾಣವೇ ನಿಂತಿತ್ತು. "ಆ ಶೀನ ತಪ್ಪು ನಕಲು ಮಾಡಿ ಇಟ್ಟಿದ್ದಾನೆ, ಒಪ್ಪುವುದಿಲ್ಲ" ಎಂದಷ್ಟೇ ಅಪ್ಪಯ್ಯ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಮುಂದೆ ಟೀಚರ್ ಆದೆ, ಸಾವಿರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ, ಚೆಸ್ಸಿನ ಮಣೆಯ ಹತ್ತಿರ ಹೋಗಲಿಲ್ಲ. ಅಂಥ ನಡೆ ನಿಜಕ್ಕೂ ಇಲ್ಲದೆ ಇರಬಹುದು, ನನ್ನ ಸುಳ್ಳು ಅದೃಷ್ಟದಿಂದ ಸತ್ಯವೇ ಆಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಕಳೆದ ತಿಂಗಳು ನಮ್ಮ ಹತ್ತಿರದ ಶಾಲೆಯೊಂದರ ಚೆಸ್ ಪಂದ್ಯಕ್ಕೆ ಬಹುಮಾನ ಕೊಡಲು ಕರೆದಿದ್ದರು. ನನ್ನ ಕಣ್ಣೆದುರೇ ಎರಡು ಜಡೆಯ ಒಬ್ಬಳು ಪುಟ್ಟ ಹುಡುಗಿ ಖಾಲಿ ಮನೆಗೆ ಕಾಲಾಳನ್ನು ಇಟ್ಟು ಪಕ್ಕದ ಕಾಯಿಯನ್ನು ಎತ್ತಿಕೊಂಡಳು. ಇದೇನು ಎಂದು ತೀರ್ಪುಗಾರರನ್ನು ಕೇಳಿದೆ. ಅವರು ನಿಯಮ ವಿವರಿಸಿದರು. ಬಹುಮಾನ ಕೊಡುವಾಗ ಮೊದಲನೆಯದನ್ನು ಎರಡನೆಯವಳ ಕೈಗೆ ಕೊಟ್ಟುಬಿಟ್ಟೆ. ವಯಸ್ಸಾಯಿತಲ್ಲ ಎಂದುಕೊಂಡರು ಎಲ್ಲರೂ.

ಬಸ್ಸು ಹೆಮ್ಮಾಡಿಯಲ್ಲಿ ನಿಂತಾಗ ಒಬ್ಬಾಕೆ ಸೇವಂತಿಗೆಯ ಬುಟ್ಟಿಯೊಂದಿಗೆ ಹತ್ತಿ ನನ್ನ ಪಕ್ಕ ಕೂತಳು. ಇಡೀ ಬಸ್ಸು ಘಮ್ಮೆಂದಿತು.

"ಯಾರ್ ಮನಿಗ್ ಹೋಪುದ್ ಅಮ್ಮ?"

"ಶಿರೂರಿಗೆ. ಸಣ್ಣವಳಿದ್ದಾಗಿನ ಗೆಳತಿ ಮನೆಗೆ."

"ನೀವ್ ಬಪ್ದ್ ಅವ್ರಿಗ್ ಗೊತ್ತಿತ್ತಾ?"

"ಇಲ್ಲ." ಫೋನ್ ನಂಬರ್ ಸಿಕ್ಕಿತ್ತು. ಬರಬೇಡ ಎಂದಾಳೆಂದು ಹೆದರಿ ಮಾಡಿರಲಿಲ್ಲ.

"ಹಂಗಾರೆ ಹೂಗ್ ತಕಣಿ. ಹೇಳ್ದೇ ಹೋಪತ್ತಿಗೆ ಕೈ ಖಾಲಿ ಇಪ್ಪುಕಾಗ. ಬಯ್ಯುದಾರೂ ಒಂಚೂರ್ ಮೆತ್ತಗ್ ಬಯ್ತ್ರ್." ನಾನು ಬೈಸಿಕೊಳ್ಳಲು ಹೋಗುತ್ತಿದ್ದೇನೆಂದು ಅವಳಿಗೆ ಹೇಗೆ ತಿಳಿಯಿತೋ. ಎರಡು ಮೊಳ ಕೊಂಡೆ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ರಸ್ತೆ. ಬಸ್ಸಿನವರೆಲ್ಲ ಮೊಬೈಲ್ ನೋಡುತ್ತಿದ್ದರು. ನಾನು ಎರಡೂ ಬದಿ ನೋಡಿದೆ. ತಿಂಗಳಿಗೊಮ್ಮೆ ಈ ರಸ್ತೆಯಲ್ಲಿ, ಆಗಿನ ಧೂಳಿನಲ್ಲಿ, ದೋಣಿಯಲ್ಲಿ ಹೊಳೆ ದಾಟಿ ಬಸ್ಸು ಬದಲಿಸಿ ಶೀನ ಮಾಮ ಬರುತ್ತಿದ್ದರು, ಬಗಲಲ್ಲಿ ಕಪ್ಪು ಪುಸ್ತಕ ಇಟ್ಟುಕೊಂಡು.

ಬೈಂದೂರಿನಲ್ಲಿ ಹನ್ನೆರಡಕ್ಕೆ ಇಳಿದು ಊಟ ಮಾಡಿದೆ. ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಮಜ್ಜಿಗೆ, ಎಂಬತ್ತು ರೂಪಾಯಿ. ಬಿಸಿಲು ಏರಿತ್ತು. ಶಿರೂರಿಗೆ ಬೇರೆ ಬಸ್ಸು, ಕಾಲು ಗಂಟೆಯ ದಾರಿ. ಸರೋಜಕ್ಕನ ಗಂಡ ಮುಂಬೈಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರೆಂದೂ, ಅವರು ತೀರಿಹೋದ ಮೇಲೆ ಇವಳು ಊರಿಗೆ ಬಂದು ಮಗಳ ಜೊತೆ ಇದ್ದಾಳೆಂದೂ, ಮಗಳದು ಹೆದ್ದಾರಿ ಬದಿಯಲ್ಲೇ ಟೈಲರ್ ಅಂಗಡಿ ಎಂದೂ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ಹುಡುಕುವ ಕಷ್ಟವಾಗಲಿಲ್ಲ. ಬಸ್ ಸ್ಟಾಪಿನ ಎದುರೇ ಹಸಿರು ಬೋರ್ಡು.

ಅಂಗಡಿಯೊಳಗೆ ಮಿಷನ್ ಓಡುತ್ತಿತ್ತು. ಬ್ಲೌಸ್ ಪೀಸು ಹಿಡಿದ ಇಬ್ಬರು ಹೆಂಗಸರು ಬೆಂಚಿನಲ್ಲಿ ಕೂತಿದ್ದರು. ಬಾಗಿಲ ಪಕ್ಕ ಒಬ್ಬ ತೆಳ್ಳಗಿನ ಮುದುಕಿ, ಮೂಗಿನ ತುದಿಗೆ ಕನ್ನಡಕ, ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದಳು. ಗಲ್ಲದ ಮೇಲಿನ ಮಚ್ಚೆ ನೋಡಿ ಗುರುತು ಹಿಡಿದೆ.

"ಸರೋಜಕ್ಕ, ನಾನ್ ವಿಮಲ. ಬ್ರಹ್ಮಾವರದ್."

ಸೂಜಿ ನಿಂತಿತು. "ಮಿಲ್ಲಿನ ಗುಮಾಸ್ತ್ರ ಮಗಳಾ?"

"ಹ್ಞೂಂ."

"ಇನ್ನೂ ಇದ್ಯಾ?" ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಬ್ಲೌಸ್ ಹೊಲ್ಸುಕೆ ಬಂದದ್ದಾ?"

"ಅಲ್ಲ. ಆ ಆಟ ಮುಗ್ಸುಕೆ ಬಂದೆ." ಚೀಲದಿಂದ ಬಿಳಿ ಪುಸ್ತಕ ತೆಗೆದೆ.

ಸರೋಜಕ್ಕ ಅದನ್ನು ಮುಟ್ಟಲಿಲ್ಲ. ಬಾಗಿಲಿನ ಹಿಂದಿನ ಕೋಣೆ ತೋರಿಸಿ "ಒಳ್ಗ್ ಕೂಕೊ" ಎಂದಳು. ಹೂವನ್ನು ಮಾತ್ರ ತೆಗೆದುಕೊಂಡು, ಮೂಸಿ, "ಹೆಮ್ಮಾಡಿಯದ್" ಎಂದು ದೇವರ ಫೋಟೋಕ್ಕೆ ಹಾಕಿ ಒಳಗೆ ಹೋದಳು. ನಾನು ಫ್ಯಾನಿನ ಕೆಳಗೆ ಕೂತೆ. ಟ್ರಂಕು ಎಳೆಯುವ ಸದ್ದು ಕೇಳಿತು. ಬರುವಾಗ ಅವಳ ಕೈಯಲ್ಲಿ ಅದೇ ಅಳತೆಯ, ಅದೇ ಖಾಕಿ ಬೈಂಡಿನ ಪುಸ್ತಕ ಇತ್ತು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಕಪ್ಪು ಪುಸ್ತಕದ ನಡುವಿನಿಂದ ಒಂದು ಮಡಚಿದ ನೀಲಿ ಕಾಗದ ಜಾರಿತು. ನನ್ನ ದುಂಡು ಅಕ್ಷರ.

"ಓದ್," ಎಂದಳು. "ನಂಗ್ ಇಂಗ್ಲಿಷ್ ಬತ್ತಿಲ್ಲೆ. ಮುಂಬೈಯಂಗೆ ನಲ್ವತ್ತ್ ವರ್ಷ ಇದ್ದೆ. ಇದೊಂದ್ ಓದಿ ಹೇಳಿ ಅಂದ್ಹೇಳಿ ಯಾರ್ ಹತ್ರವೂ ಕೇಳ್ಲಿಲ್ಲೆ. ಮರ್ಯಾದಿ ಪ್ರಶ್ನೆ ಅಲ್ದಾ?"

ಓದಿದೆ. "ಸಿಸ್ಟರ್ ಸೇಸ್ ದೇರ್ ಈಸ್ ನೋ ಸಚ್ ಮೂವ್." ಕನ್ನಡದಲ್ಲೂ ಹೇಳಿದೆ.

"ಅಷ್ಟೇಯಾ?" ಸರೋಜಕ್ಕನ ದನಿ ಇಳಿಯಿತು. "ಇಷ್ಟ್ ಸಣ್ಣ ಮಾತಾ? ಹೋಟ್ಲಂಗೆ ಎಲ್ಲರೆದ್ರ್ ನಿನ್ ಅಪ್ಪಯ್ಯ ಇದನ್ ಟೇಬಲ್ ಮೇಲ್ ಬಡ್ದ್ ಹೇಳಿರ್, 'ಕಾಣ್ ಶೀನ, ನಿನ್ ನಕಲೇ ತಪ್ಪ್.' ನಮ್ ಅಪ್ಪಯ್ಯ ಕಾಗ್ದ ಕಿಸೆಗ್ ಹಾಯ್ಕಂಡ್ ಬಂದಿರ್. ಪುಸ್ತಕ ತೆಗ್ದ್ ಕಾಣ್, ಅವ್ರ್ ಎಂತ ಮಾಡಿರ್ ಅಂದ್ಹೇಳಿ."

ತೆಗೆದೆ. ಮೂವತ್ತೊಂದನೆಯ ನಡೆ ಶಾಯಿಯಲ್ಲಿ ಮುತ್ತಿನಂತೆ ಇತ್ತು. ಅದರ ಸುತ್ತ, ಅಂಚಿನುದ್ದಕ್ಕೂ, ಮುಂದಿನ ಪುಟದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಬರಹ. ಕುದುರೆ ಇರಬಹುದೇ? ಆನೆ ಇರಬಹುದೇ? ಹೊಡೆದದ್ದು ಬೇರೆ ಮನೆಯೇ? ಒಂದೊಂದರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ.

"ಸಿಸ್ಟರ್ ಹೇಳಿದ್ದ್ ಸಮಾ ಇಕ್ಕ್, ನನ್ ಕೈಯೇ ತಪ್ಪಿತ್ತ್ ಅಂದ್ಹೇಳಿ ನಂಬಿರ್," ಎಂದಳು. "ಸರಿ ನಡೆ ಎಂತ ಇದ್ದಿಕ್ಕ್ ಅಂದ್ಹೇಳಿ ವರ್ಷಗಟ್ಲೆ ಹುಡ್ಕಿರ್. ಒಂದೊಂದ್ ದಸ್ತಾವೇಜ್ ಬರ್ದ್ ಮೂರ್ ಮೂರ್ ಸಲ ಓದ್ತಿದ್ರ್. ಕಡೀಗ್ ಅದೂ ಬಿಟ್ರ್. ಬರೀ ಅರ್ಜಿ ಬರ್ಕಂಡ್ ಇದ್ರ್. ಬೈಂದೂರಂಗೆ ಹೆಸ್ರಿದ್ ಜನ."

ನಾನು ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳೆಲ್ಲ ಮರೆತುಹೋದವು. ಶೀನ ಮಾಮನಿಗೆ ಸಿಟ್ಟು ಬಂದಿರಬಹುದು, ಅವಮಾನ ಆಗಿರಬಹುದು ಎಂದೆಲ್ಲ ಯೋಚಿಸಿದ್ದೆ. ಅವರು ನನ್ನನ್ನು ನಂಬಿದ್ದರು ಎಂದು ಒಂದು ದಿನವೂ ಹೊಳೆದಿರಲಿಲ್ಲ.

"ಸರೋಜಕ್ಕ, ನಾನು ಸಿಸ್ಟರ್ ಹತ್ರ ಕೇಳಲೇ ಇಲ್ಲ. ಕೇಳದೆ ಬರೆದದ್ದು. ಆ ನಡೆ ಇದೆ. ಶೀನ ಮಾಮ ಬರೆದದ್ದು ಸರಿ."

ಅವಳು ಎದ್ದು ಅಂಗಡಿಯ ಬಾಗಿಲಿಗೆ ಹೋಗಿ ಮಗಳನ್ನು ಕೂಗಿದಳು. "ಹ್ವಾಯ್ ಮಮತ, ಮಿಷನ್ ನಿಲ್ಸ್. ಇಲ್ ಬಾ. ನೀವಿಬ್ರೂ ಬನ್ನಿ, ಬ್ಲೌಸ್ ಎಲ್ಲಿಗೂ ಓಡ್ತಿಲ್ಲೆ." ನನ್ನ ಕಡೆ ತಿರುಗಿ, "ಎಲ್ಲರೆದ್ರ್ ಹೇಳಿದ್ ಮಾತ್, ಎಲ್ಲರೆದ್ರೇ ವಾಪಾಸ್ ತಕಣ್ಕ್. ಈಗ ಹೇಳ್. ಮೊದ್ಲಿಂದ."

ಎಪ್ಪತ್ತೇಳು ವರ್ಷದ ನಾನು, ಕುತ್ತಿಗೆಗೆ ಟೇಪು ಹಾಕಿಕೊಂಡ ಮಮತ ಮತ್ತು ಪರಿಚಯವೇ ಇಲ್ಲದ ಇಬ್ಬರು ಗಿರಾಕಿಗಳ ಎದುರು ನಿಂತು, ಶಾಲೆಯ ಪನಿಶ್‌ಮೆಂಟಿನಿಂದ ಹಿಡಿದು ಪೋಸ್ಟ್ ಡಬ್ಬಿಯವರೆಗೆ ಎಲ್ಲವನ್ನೂ ಹೇಳಿದೆ. ಸುಲಭವಾಗಿರಲಿಲ್ಲ. ಗಿರಾಕಿಗಳಲ್ಲಿ ಹಿರಿಯಾಕೆ ಕೊನೆಗೆ ಕೇಳಿದಳು, "ಅಲ್ಲ, ಹನ್ನೆರಡ್ ವರ್ಷದ ಹೆಣ್ಣಿನ ಕಾಗ್ದ ನಂಬ್ಕಂಡ್, ಮೀಸಿ ಬಂದ್ ಇಬ್ರ್ ಗಂಡ್ಸ್ರ್ ಮಾತ್ ಬಿಟ್ರಾ?"

"ಇಂಗ್ಲಿಷಂಗಿತ್ತಲೆ!" ಎಂದಳು ಸರೋಜಕ್ಕ. "ಕನ್ನಡದಂಗ್ ಬರ್ದಿರೆ ಯಾರೂ ನಂಬ್ತಿರ್ಲಿಲ್ಲೆ."

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಕಣ್ಣೀರು ಬಂತು. ಸರೋಜಕ್ಕ ನೋಡದವಳಂತೆ ಮಣೆ ತರಲು ಎದ್ದಳು. ಮರದ ಹಳೇ ಮಣೆ, ಒಂದು ಆನೆಯ ಬದಲು ನೂಲಿನ ಉಂಡೆ. ಮೊದಲಿನಿಂದ ಆಡಿದೆವು. ನಾನು ಬಿಳಿ ಓದುವುದು, ಅವಳು ಕಪ್ಪು ಓದುವುದು. ಗಿರಾಕಿಗಳು ಹೋಗಲಿಲ್ಲ. ಮೂವತ್ತೊಂದಕ್ಕೆ ಬಂದಾಗ ನಾನು ನನ್ನ ಕಾಲಾಳನ್ನು ಎರಡು ಮನೆ ಮುಂದಿಟ್ಟೆ. ಸರೋಜಕ್ಕ ತಂದೆಯ ಅಕ್ಷರ ಓದಿ ನನ್ನನ್ನು ನೋಡಿದಳು. "ಈಗ?" ಅವಳ ಕೈ ಹಿಡಿದು ಕಪ್ಪು ಕಾಲಾಳನ್ನು ಖಾಲಿ ಮನೆಗೆ ಸರಿಸಿದೆ. ನನ್ನ ಕಾಲಾಳನ್ನು ನಾನೇ ಎತ್ತಿ ಅವಳ ಅಂಗೈಯಲ್ಲಿಟ್ಟೆ.

ಅಲ್ಲಿಂದ ಮುಂದೆ ಯಾರೂ ನೋಡದ ಆಟ. ಯುರೋಪಿನ ಆ ಹಾಲಿನಲ್ಲಿ ನೂರು ವರ್ಷಕ್ಕೂ ಹಿಂದೆ ಇಬ್ಬರು ಕೋಟಿನವರು ಆಡಿದ್ದನ್ನು ಶಿರೂರಿನಲ್ಲಿ ನಾವು ಐದು ಜನ ಹೆಂಗಸರು ಉಸಿರು ಬಿಗಿ ಹಿಡಿದು ನೋಡಿದೆವು. ಆ ಕಾಲಾಳು ಹೊಡೆಯಲು ಹೋದದ್ದರಿಂದ ಕಪ್ಪು ರಾಜನ ಮುಂದಿನ ಬಾಗಿಲು ತೆರೆದಿತ್ತು. ನನ್ನ ಆನೆ ಬಂತು, ಮಂತ್ರಿ ಬಂದ. ಮೂವತ್ತೊಂಬತ್ತನೆಯ ಬಿಳಿ ನಡೆ ಓದಿದೆ. ಸರೋಜಕ್ಕ ಹಾಳೆ ತಿರುಗಿಸಿದಳು, ಹಿಂದೆ ತಿರುಗಿಸಿದಳು.

"ಮುಂದೆ ಇಲ್ಲೆ."

"ಅಂದರೆ ಕಪ್ಪು ಸೋಲೊಪ್ಪಿಕೊಂಡಿದೆ."

"ಅಂದ್ರೆ ಗೆದ್ದದ್ದ್ ನಿನ್ ಅಪ್ಪಯ್ಯನೇ!" ಅವಳು ಮಣೆಯ ಮೇಲೆ ಕೈ ಬಡಿದಳು, ಕಾಯಿಗಳು ಹಾರಿದವು. "ಗೆಲ್ಲು ಆಟ ಕೈಯಂಗಿತ್ತ್! ಆ ಒಂದ್ ಪೆಟ್ಟ್ ಒಪ್ಕಂಡಿರೆ ಎಂಟ್ ನಡೆಯಂಗ್ ಗೆಲ್ತಿದ್ರ್ ಮಾರಾಯ್ತಿ! ಅಯ್ಯೋ ದೇವ್ರೆ." ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನಕ್ಕಳು. ನಗುವೇ ಎಂದು ಖಂಡಿತ ಹೇಳಲಾರೆ.

ಮೂರೂವರೆಯಾಗಿತ್ತು. ಮಮತ ಅವಲಕ್ಕಿ, ಚಹಾ ಕೊಟ್ಟಳು. ಹೊರಡುತ್ತೇನೆಂದಾಗ ಸರೋಜಕ್ಕ ಕಪ್ಪು ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು. "ಬರ್ದ್ ಕೊಟ್ಟ್ ಹೋಗ್. ಬಾಯ್ಮಾತ್ ಆಗ. ನಾ ದಸ್ತಾವೇಜ್ ಬರೀತಿದ್ದವ್ರ ಮಗಳ್."

"ಎಂತ ಬರೀಲಿ?"

"ನಕಲ್ ಸರಿ ಇದ್ರೆ ಅಪ್ಪಯ್ಯ ಅಡಿಗ್ ಎಂತ ಬರೀತಿದ್ರೋ ಅದ್ನೇ. ಇಂಗ್ಲಿಷಂಗೇ ಬರಿ. ತಪ್ಪ್ ಅಂದದ್ದ್ ಇಂಗ್ಲಿಷಂಗಲ್ದಾ?"

ಮೂವತ್ತೊಂದನೆಯ ನಡೆಯ ಕೆಳಗೆ "ಟ್ರೂ ಕಾಪಿ" ಎಂದು ಬರೆದು ಪೂರ್ತಿ ಹೆಸರಿನ ಸಹಿ ಹಾಕಿದೆ, ತಾರೀಕು ಹಾಕಿದೆ. ಅಷ್ಟಕ್ಕೆ ಮುಗಿಯಲಿಲ್ಲ. ಎರಡು ಸಾಕ್ಷಿ ಬೇಕು ಎಂದಳು. ಮನೆಯವರ ಸಹಿ ನಡೆಯುವುದಿಲ್ಲ ಎಂದು ಮಮತಳನ್ನು ಬಿಟ್ಟು ಗಿರಾಕಿಗಳ ಕೈಗೆ ಪೆನ್ನು ಕೊಟ್ಟಳು. ಒಬ್ಬಾಕೆ ಸಹಿ ಮಾಡಿದಳು. ಹಿರಿಯಾಕೆ ಕೈ ನಡುಗುತ್ತದೆಂದು ಟೈಲರ್ ಅಂಗಡಿಯ ಇಂಕ್ ಪ್ಯಾಡಿನಲ್ಲಿ ಹೆಬ್ಬೆಟ್ಟು ಒತ್ತಿದಳು.

"ನಂಗ್ ಸಿಟ್ ಹೋಯಿತ್ ಅಂದ್ಹೇಳಿ ತಿಳ್ಕಣ್ಬೇಡ," ಎಂದಳು ಸರೋಜಕ್ಕ, ಶಾಯಿ ಒಣಗಲು ಪುಸ್ತಕವನ್ನು ಫ್ಯಾನಿಗೆ ಹಿಡಿದು. "ಇಷ್ಟ್ ವರ್ಷ ಯಂತಕೆ ಬರ್ಲಿಲ್ಲೆ ಅಂದ್ಹೇಳಿ ಇನ್ನೊಂದ್ ದಿನ ಕೇಣ್ತೆ. ಬಾ."

ನಾಲ್ಕೂ ಕಾಲಿನ ಬಸ್ಸು ಸಿಕ್ಕಿತು, ಕುಂದಾಪುರದವರೆಗೆ ನೇರ. ಕಿಟಕಿಯ ಸೀಟು. ಡ್ರೈವರ್ ಚಹಾ ಕುಡಿಯಲು ಇಳಿದಿದ್ದರಿಂದ ಬಸ್ಸು ಐದು ನಿಮಿಷ ಅಂಗಡಿಯ ಎದುರೇ ನಿಂತಿತು. ಕೈ ಬೀಸಲೆಂದು ನೋಡಿದೆ. ಒಳಗೆ ಮಿಷನ್ ಮತ್ತೆ ಓಡುತ್ತಿತ್ತು. ಸರೋಜಕ್ಕ ಬಾಗಿಲ ಬೆಳಕಿನಲ್ಲಿ ಕಪ್ಪು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಒಂದು ರಬ್ಬರ್. ಶಾಯಿಗೆ ತಾಗದ ಹಾಗೆ, ಮೆತ್ತಗೆ, ಅಂಚಿನ ಪೆನ್ಸಿಲ್ ಪ್ರಶ್ನೆಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ. ಬಸ್ಸು ಹೊರಟಾಗ ಪುಟವನ್ನು ಬಾಯಿಯ ಹತ್ತಿರ ತಂದು ಒಮ್ಮೆ ಊದಿದಳು.